ಸ್ಪುಟ್ನಿಕ್ ಹಾರಿದ್ದಕ್ಕೂ ರಾಮಾನುಜನ್‌ಗೆ ಶಿಕಾಗೊದಲ್ಲಿ ಕೆಲಸ ಸಿಕ್ಕಿದ್ದಕ್ಕೂ ಏನು ಸಂಬಂಧ?

ಜಮಖಂಡಿ, ಮುಧೋಳ, ಬನಹಟ್ಟಿ ಕಡೆ ನನ್ನ ವಯಸ್ಸಿನವರಲ್ಲಿ ಓದಿದವರು ಅಂದ್ರೆ ಸ್ಥೂಲವಾಗಿ ಎರಡು ಗುಂಪು. ಒಂದು, ನನ್ನ ಹಾಗೆ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಬಸ್ಸೋ ಪುಣೆಯ ಬಸ್ಸೋ ಹತ್ತಿದವರು. ಇನ್ನೊಂದು, ಕನ್ನಡ, ಇತಿಹಾಸ, ಜಾನಪದ ಅಂತ ಎಂ.ಎ. ಮಾಡಿ, ಹಟ ಹಿಡಿದು ಪಿಎಚ್‌.ಡಿ.ಯನ್ನೂ ಮುಗಿಸಿ, ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಉಳಿದವರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರು ಹತ್ತು ಸಾವಿರಕ್ಕೂ ಹೆಚ್ಚು ಇದ್ದಾರೆ. 2023ರ ಕೊನೆಗೆ ಸೇವೆ ಖಾಯಂ ಮಾಡಿ ಅಂತ ತರಗತಿ ಬಿಟ್ಟು ವಾರಗಟ್ಟಲೆ ಧರಣಿ ಕೂತವರು ಇವರೇ. ಜಮಖಂಡಿಗೆ 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂದಾಗ ಈ ಗುಂಪಿಗೆ ಸ್ವಲ್ಪ ಆಸೆ ಹುಟ್ಟಿತ್ತು. ಎರಡು ವರ್ಷ ಆಗುವುದರೊಳಗೆ, 2025ರ ಫೆಬ್ರುವರಿಯಲ್ಲಿ, ಹೊಸ ವಿವಿಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂತು. ಆ ಪಟ್ಟಿಯಲ್ಲಿ ಬಾಗಲಕೋಟೆಯೂ ಇತ್ತು.

ಹಾಗಾಗಿ ಈಗ ಇವರು ಕೇಳುವ ಪ್ರಶ್ನೆ ಬದಲಾಗಿದೆ. ಇಲ್ಲಿ ಆಗದಿದ್ದರೆ ಹೊರಗೆ ಆಗುತ್ತಾ? ಮಾನವಿಕ ವಿಷಯದ ಪಿಎಚ್‌.ಡಿ. ಇಟ್ಟುಕೊಂಡು ಅಮೆರಿಕದಲ್ಲೋ ಯುರೋಪಿನಲ್ಲೋ ವಿವಿಯಲ್ಲಿ ಪಾಠ ಹೇಳುವ ಕೆಲಸ ಸಿಗುತ್ತಾ? ಈ ಪ್ರಶ್ನೆ ಎದ್ದ ಕೂಡಲೇ ಯಾರಾದರೊಬ್ಬರು ಎ.ಕೆ. ರಾಮಾನುಜನ್ ಹೆಸರು ತೆಗೆಯುತ್ತಾರೆ. ನಮ್ಮ ಬೆಳಗಾವಿಯಲ್ಲೇ ಮಾಸ್ತರಿಕೆ ಮಾಡಿ ಶಿಕಾಗೊ ಮುಟ್ಟಿದವರು, ಪ್ರತಿಭೆ ಇದ್ದರೆ ಜಗತ್ತು ಕರೆಯುತ್ತದೆ, ಹೀಗೆ. ಪ್ರತಿಭೆಯ ಬಗ್ಗೆ ನನಗೂ ತಕರಾರಿಲ್ಲ. ಆದರೆ ಆ ಜೀವನವನ್ನು ಕವಿಯ ಕತೆಯಾಗಿ ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಒಂದು ನೌಕರಿಯ ಕತೆಯಾಗಿ ಓದಿ ನೋಡಿ. ಬೇರೆಯದೇ ಚಿತ್ರ ಕಾಣುತ್ತದೆ.

ಅದಕ್ಕೂ ಮೊದಲು ಜಮಖಂಡಿಯವರೇ ಆದ ಇನ್ನೊಬ್ಬರನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರಾಮಚಂದ್ರ ದತ್ತಾತ್ರೇಯ ರಾನಡೆ, ನಮ್ಮ ಕಡೆ ಎಲ್ಲರ ಬಾಯಲ್ಲಿ ಗುರುದೇವ ರಾನಡೆ, ಹುಟ್ಟಿದ್ದು 1886ರಲ್ಲಿ ಜಮಖಂಡಿಯಲ್ಲಿ. ಆಗ ಇದು ಪಟವರ್ಧನರ ಸಂಸ್ಥಾನ. ಇಲ್ಲಿಯ ಹುಡುಗ ಮುಂದೆ ಓದಬೇಕೆಂದರೆ ಪುಣೆಗೇ ಹೋಗಬೇಕು. ಪುಣೆಯ ಎಸ್‌.ಪಿ. ಕಾಲೇಜಿನ ಹೆಸರಿನಲ್ಲಿರುವ ಸರ್ ಪರಶುರಾಮಭಾವು ಅಂದರೆ ಜಮಖಂಡಿಯ ದೊರೆಯೇ ಅನ್ನುವುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ರಾನಡೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿಸಿ, ಗ್ರೀಕ್ ತತ್ವಶಾಸ್ತ್ರ, ಉಪನಿಷತ್ತು ಎರಡರ ಮೇಲೂ ಬರೆದರು. ಉಪನಿಷತ್ತುಗಳ ಮೇಲಿನ ಅವರ ಇಂಗ್ಲಿಷ್ ಪುಸ್ತಕ 1926ರಲ್ಲಿ ಬಂತು. ಮರುವರ್ಷ ಗಂಗಾನಾಥ ಝಾ ಅವರನ್ನು ಅಲಹಾಬಾದ್ ವಿವಿಗೆ ಕರೆಸಿಕೊಂಡರು. 1946ರವರೆಗೆ ಅಲ್ಲೇ ಇದ್ದು, ನಿವೃತ್ತಿಯ ನಂತರ ವಿಜಯಪುರ ಜಿಲ್ಲೆಯ ನಿಂಬಾಳಕ್ಕೆ ಬಂದು, 1957ರಲ್ಲಿ ತೀರಿಕೊಂಡರು. ಸಮುದ್ರ ದಾಟದೆ ಪರದೇಶದ ಓದುಗರನ್ನು ಮುಟ್ಟಿದವರು. ಆದರೆ ಗಮನಿಸಬೇಕಾದ್ದು ಇಷ್ಟು: ಅಲಹಾಬಾದಿನಲ್ಲಿ ತತ್ವಶಾಸ್ತ್ರಕ್ಕೆ ಒಂದು ಹುದ್ದೆ ಇತ್ತು, ಅದನ್ನು ತುಂಬಲು ಅಧಿಕಾರ ಇದ್ದ, ಪುಸ್ತಕ ಓದುವ ಅಭ್ಯಾಸವಿದ್ದ ಒಬ್ಬ ಕುಲಪತಿ ಇದ್ದರು.

ಈಗ ರಾಮಾನುಜನ್. 1929ರ ಮಾರ್ಚ್ 16ರಂದು ಮೈಸೂರಿನಲ್ಲಿ, ತಮಿಳು ಮಾತಾಡುವ ಅಯ್ಯಂಗಾರ್ ಮನೆಯಲ್ಲಿ ಹುಟ್ಟಿದರು. ತಂದೆ ಗಣಿತದ ಪ್ರಾಧ್ಯಾಪಕ. ಖಗೋಳಶಾಸ್ತ್ರವೂ ಗೊತ್ತು, ಜ್ಯೋತಿಷ್ಯದಲ್ಲಿ ನಂಬಿಕೆಯೂ ಉಂಟು. ಮನೆಯ ಕೆಳಗಿನ ಅಂತಸ್ತಿನಲ್ಲಿ ಅಮ್ಮ, ಅಜ್ಜಿಯರ ತಮಿಳು, ಬೀದಿಯಲ್ಲಿ ಕನ್ನಡ, ಮಹಡಿಯ ಮೇಲೆ ಅಪ್ಪನ ಕೋಣೆಯಲ್ಲಿ ಇಂಗ್ಲಿಷ್. ಮೂರು ಭಾಷೆ ಮೂರು ಜಾಗದಲ್ಲಿ, ಹತ್ತು ವರ್ಷ ತುಂಬುವ ಮೊದಲೇ. ಇದನ್ನು ಎಲ್ಲರೂ ಮೆಚ್ಚಿಕೊಂಡು ಹೇಳುತ್ತಾರೆ. ನಾನು ಸೇರಿಸುವುದೇನೆಂದರೆ, ಮಹಡಿಯ ಮೇಲೆ ಇಂಗ್ಲಿಷ್ ಇರಬೇಕಾದರೆ ಮೊದಲು ಮಹಡಿ ಇರಬೇಕು. ಬನಹಟ್ಟಿಯ ನೇಕಾರರ ಮನೆಯಿಂದ ಬಂದು ಪಿಎಚ್‌.ಡಿ. ಮಾಡಿದವರಿಗೂ ಮೈಸೂರಿನ ಬ್ರಾಹ್ಮಣ ಪ್ರಾಧ್ಯಾಪಕರ ಮಗನಿಗೂ ಓಟ ಶುರುವಾದ ಗೆರೆ ಒಂದೇ ಅಲ್ಲ. ಇದನ್ನು ಹೇಳದೆ ಈ ಕತೆಯನ್ನು ಸ್ಫೂರ್ತಿ ಭಾಷಣಕ್ಕೆ ಬಳಸಬಾರದು.

ಕಾಲೇಜಿನಲ್ಲಿ ಮೊದಲು ಸೇರಿದ್ದು ವಿಜ್ಞಾನಕ್ಕೆ. ಮಗನಿಗೆ ಗಣಿತ ಒಲಿಯುವುದಿಲ್ಲ ಅಂತ ತಂದೆಯೇ ಕಂಡುಕೊಂಡು ಇಂಗ್ಲಿಷ್ ಸಾಹಿತ್ಯಕ್ಕೆ ದಾಟಿಸಿದರು. (ನಮ್ಮ ಮನೆಗಳಲ್ಲಿ ಇದರ ತಿರುಗುಮುರುಗು ನಡೆಯುತ್ತದೆ, ಇರಲಿ.) 1949ರಲ್ಲಿ ಬಿ.ಎ., 1950ರಲ್ಲಿ ಎಂ.ಎ., ಎರಡೂ ಮೈಸೂರು ವಿವಿಯಿಂದ.

ಅಲ್ಲಿಂದ ಮುಂದಿನದು ನಮ್ಮ ಅತಿಥಿ ಉಪನ್ಯಾಸಕರಿಗೆ ಪರಿಚಿತವಾದ ಅಲೆದಾಟ. ಕೇರಳದ ಕೊಲ್ಲಂನಲ್ಲಿ ಸ್ವಲ್ಪ ಕಾಲ, ಮದುರೆಯ ತ್ಯಾಗರಾಜರ್ ಕಾಲೇಜಿನಲ್ಲಿ ಸ್ವಲ್ಪ ಕಾಲ, ಆಮೇಲೆ 1951ರಿಂದ 1957ರವರೆಗೆ ಬೆಳಗಾವಿಯ ಲಿಂಗರಾಜ ಕಾಲೇಜು, ನಂತರ ಬರೋಡಾದ ಎಂ.ಎಸ್. ವಿವಿ. ಎಲ್ಲ ಕಡೆಯೂ ಇಂಗ್ಲಿಷ್ ಮಾಸ್ತರ. ಎಂಟು ವರ್ಷದಲ್ಲಿ ನಾಲ್ಕು ಊರು. ಹೆಸರಿನ ಹಿಂದೆ ಡಾಕ್ಟರೇಟ್ ಇಲ್ಲ, ಪ್ರಕಟವಾದ ಕವನ ಸಂಕಲನವೂ ಇಲ್ಲ.

ಬೆಳಗಾವಿಯ ಆರು ವರ್ಷಗಳ ಮೇಲೆ ನಾನು ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಮುಂದೆ ಶಿಕಾಗೊದಲ್ಲಿ ಖರ್ಚಾದ ಬಂಡವಾಳದಲ್ಲಿ ದೊಡ್ಡ ಪಾಲು ಕೂಡಿದ್ದು ಇಲ್ಲಿ. ಆಗ ಬೆಳಗಾವಿ, ಜಮಖಂಡಿ, ವಿಜಯಪುರ, ಧಾರವಾಡ ಎಲ್ಲ ಮುಂಬೈ ರಾಜ್ಯದಲ್ಲಿದ್ದವು. ಏಕೀಕರಣ ಆದದ್ದು 1956ರ ನವೆಂಬರ್ 1ಕ್ಕೆ. ಮೈಸೂರಿನ ಕನ್ನಡ ಕೇಳಿ ಬೆಳೆದ ಈ ತರುಣನಿಗೆ ಇಲ್ಲಿ ಸಿಕ್ಕಿದ್ದು ಬೇರೆ ಕನ್ನಡ: ಮರಾಠಿ ಬೆರೆತ, ಮೊಟಕು, ಚುರುಕು ಕನ್ನಡ. ಕ್ಲಾಸಿನಲ್ಲಿ ಶೇಕ್ಸ್‌ಪಿಯರ್ ಹೇಳುತ್ತ, ಕ್ಲಾಸಿನ ಹೊರಗೆ ಅವರು ಗಾದೆ, ಒಗಟು, ಅಜ್ಜಿಕತೆ ಕೂಡಿಸತೊಡಗಿದರು. ಇದಕ್ಕೆ ಯಾರೂ ಸಂಬಳ ಕೊಡಲಿಲ್ಲ, ಬಡ್ತಿಗೆ ಅಂಕವೂ ಇರಲಿಲ್ಲ. ಕನ್ನಡ ಗಾದೆಗಳ ಬಗೆಗಿನ ಅವರ ಪುಟ್ಟ ಪುಸ್ತಕವನ್ನು 1955ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅಚ್ಚು ಹಾಕಿತು. ಅವರ ದೊಡ್ಡ ಇಂಗ್ಲಿಷ್ ಪುಸ್ತಕಗಳ ಪಟ್ಟಿ ಹೇಳುವವರು ಈ ಪುಸ್ತಕವನ್ನು ಮರೆಯುತ್ತಾರೆ. ನನಗೆ ಅದೇ ಮುಖ್ಯ ಅನಿಸುತ್ತದೆ. ಇಂಗ್ಲಿಷ್ ಎಂ.ಎ. ಆದವನೊಬ್ಬ ತನ್ನ ಪದವಿಗೆ ಸಂಬಂಧವೇ ಇಲ್ಲದ ಕೆಲಸವನ್ನು, ಪರವಾನಗಿ ಕೇಳದೆ, ಶುರು ಮಾಡಿದ್ದ.

1957ರಲ್ಲಿ ಬರೋಡಾ. ಅಲ್ಲಿ ಆಗ ಇನ್ನೊಬ್ಬ ಮೈಸೂರಿನವರು ಇದ್ದರು, ಎಂ.ಎನ್. ಶ್ರೀನಿವಾಸ್. ಅವರ ದಾರಿ ಪೂರ್ತಿ ಉಲ್ಟಾ. ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಪಡೆದು, ಅಲ್ಲೇ ಭಾರತೀಯ ಸಮಾಜಶಾಸ್ತ್ರ ಕಲಿಸುವ ಹುದ್ದೆಯನ್ನೂ ಪಡೆದು, 1951ರಲ್ಲಿ ಅದನ್ನು ಬಿಟ್ಟು ಬರೋಡಾಕ್ಕೆ ಬಂದು ಸಮಾಜಶಾಸ್ತ್ರ ವಿಭಾಗ ಕಟ್ಟಿದವರು. ಆಕ್ಸ್‌ಫರ್ಡ್ ಬಿಟ್ಟು ಬರಬೇಕು ಅನಿಸುವಂಥ ಹುದ್ದೆಯೊಂದು ಆಗ ಭಾರತದ ಒಂದು ರಾಜ್ಯದ ವಿವಿಯಲ್ಲಿತ್ತು ಅನ್ನುವುದನ್ನು ಇವತ್ತು ಓದಿದರೆ ಪುರಾಣ ಓದಿದ ಹಾಗಾಗುತ್ತದೆ.

ರಾಮಾನುಜನ್ ಬರೋಡಾದಲ್ಲೂ ನಿಲ್ಲಲಿಲ್ಲ. 1958ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗಿ ಭಾಷಾವಿಜ್ಞಾನದ ವಿದ್ಯಾರ್ಥಿಯಾದರು. ರಾನಡೆ ಓದಿದ್ದ ಅದೇ ಡೆಕ್ಕನ್ ಕಾಲೇಜು, ಅಷ್ಟರಲ್ಲಿ ಸ್ನಾತಕೋತ್ತರ ಸಂಶೋಧನಾ ಸಂಸ್ಥೆಯಾಗಿತ್ತು. ಎಸ್.ಎಂ. ಕತ್ರೆ ಅದರ ನಿರ್ದೇಶಕರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ದುಡ್ಡಿನಲ್ಲಿ ಅಲ್ಲಿ 1954ರಿಂದ ಭಾಷಾವಿಜ್ಞಾನದ ಬೇಸಿಗೆ, ಚಳಿಗಾಲದ ಶಿಬಿರಗಳು ನಡೆಯುತ್ತಿದ್ದವು. ಅಮೆರಿಕದ ವಿದ್ವಾಂಸರು ಬಂದು ಕಲಿಸುತ್ತಿದ್ದರು, ಭಾರತದ ತರುಣ ಮಾಸ್ತರರು ಕಲಿಯುತ್ತಿದ್ದರು. ವಿಲಿಯಂ ಬ್ರೈಟ್ ಅನ್ನುವ ಅಮೆರಿಕನ್ ಆಡುಗನ್ನಡದ ಮೇಲೆ ಬರೆದ ಪುಸ್ತಕ ಪ್ರಕಟವಾದದ್ದು ಅಲ್ಲಿಂದಲೇ, ಅದೇ 1958ರಲ್ಲಿ. ಮುಂದೆ ಬ್ರೈಟ್, ರಾಮಾನುಜನ್ ಇಬ್ಬರೂ ಸೇರಿ ದಕ್ಷಿಣದ ಭಾಷೆಗಳಲ್ಲಿ ಜಾತಿಯಿಂದ ಜಾತಿಗೆ ಮಾತು ಹೇಗೆ ಬೇರೆಯಾಗುತ್ತದೆ ಎಂಬುದರ ಮೇಲೆ ಲೇಖನ ಬರೆದರು.

ಈ ತಿರುವನ್ನು ಲಘುವಾಗಿ ನೋಡಬೇಡಿ. ಎಂಟು ವರ್ಷ ಕಲಿಸಿದ ಮೇಲೆ ಮತ್ತೆ ವಿದ್ಯಾರ್ಥಿ ಬೆಂಚಿನಲ್ಲಿ ಕೂರುವುದು, ಅದೂ ಬೇರೆ ವಿಷಯಕ್ಕೆ. ಇಂಗ್ಲಿಷ್ ಸಾಹಿತ್ಯ ಕಲಿಸಲು ಅಮೆರಿಕಕ್ಕೆ ಭಾರತದಿಂದ ಯಾರೂ ಬೇಕಿರಲಿಲ್ಲ. ಅಲ್ಲಿ ಕಲಿಸುವವರು ಬೇಕಾದಷ್ಟಿದ್ದರು. ಆದರೆ ತಮಿಳನ್ನೋ ಕನ್ನಡವನ್ನೋ ವೈಜ್ಞಾನಿಕವಾಗಿ ಬಿಡಿಸಿ, ವ್ಯಾಕರಣ ಗೊತ್ತಿಲ್ಲದ ಇಪ್ಪತ್ತು ವರ್ಷದ ಅಮೆರಿಕನ್ನರಿಗೆ ಕಲಿಸಬಲ್ಲವರು ಆ ದೇಶದಲ್ಲಿ ಕೈಬೆರಳೆಣಿಕೆಯಷ್ಟೂ ಸಿಗುತ್ತಿರಲಿಲ್ಲ.

ಅದು ಅಮೆರಿಕಕ್ಕೆ ಯಾಕೆ ಬೇಕಾಯಿತು? ಇಲ್ಲೇ ಸ್ಪುಟ್ನಿಕ್ ಬರುವುದು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹವನ್ನು ಹಾರಿಸಿತು. ಅಮೆರಿಕ ಗಾಬರಿಬಿದ್ದಿತು. ವಿಜ್ಞಾನದಲ್ಲಿ ಹಿಂದೆ ಬಿದ್ದೆವು, ಜಗತ್ತಿನ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಎಂಬ ಗದ್ದಲ ಎದ್ದಿತು. 1958ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಐಸೆನ್‌ಹೋವರ್ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಹೆಸರಲ್ಲೇ ನೋಡಿ, ರಕ್ಷಣೆ ಅಂತಲೇ ಇದೆ. ಅದರ ಆರನೇ ಅಧ್ಯಾಯ ಪರದೇಶಿ ಭಾಷೆಗಳಿಗೆ ಮೀಸಲು. ಅಮೆರಿಕದ ವಿವಿಗಳಲ್ಲಿ ಸಾಮಾನ್ಯವಾಗಿ ಕಲಿಸದ, ಆದರೆ ಸರ್ಕಾರಕ್ಕೂ ವ್ಯಾಪಾರಕ್ಕೂ ಬೇಕಾದ ಭಾಷೆಗಳನ್ನು ಕಲಿಸಲು ಕೇಂದ್ರಗಳು, ಕಲಿಯುವವರಿಗೆ ಫೆಲೋಶಿಪ್. ಮೊದಲ ಸಾಲಿನಲ್ಲಿ ರಷ್ಯನ್, ಚೀನಿ, ಅರಬ್ಬಿ ಇತ್ಯಾದಿಗಳ ಜತೆ ಹಿಂದಿ-ಉರ್ದು. ದಕ್ಷಿಣದ ಭಾಷೆಗಳ ಸರದಿ ಅದರ ಹಿಂದೆ. ಹೀಗೆ ಶೀತಲ ಸಮರದ ಬಜೆಟ್ಟಿನ ಒಂದು ಮೂಲೆಯಲ್ಲಿ ದ್ರಾವಿಡ ಭಾಷೆಗಳಿಗೂ ಜಾಗವಾಯಿತು.

ಶಿಕಾಗೊ ವಿವಿ ಇದಕ್ಕೆ ಅರ್ಧ ತಯಾರಾಗಿಯೇ ಇತ್ತು. ರಾಬರ್ಟ್ ರೆಡ್‌ಫೀಲ್ಡ್, ಮಿಲ್ಟನ್ ಸಿಂಗರ್ ಎಂಬ ಮಾನವಶಾಸ್ತ್ರಜ್ಞರು ಐವತ್ತರ ದಶಕದಲ್ಲೇ ಅಲ್ಲಿ ಭಾರತದ ಅಧ್ಯಯನಕ್ಕೆ ತಳಪಾಯ ಹಾಕಿದ್ದರು. ಸಿಂಗರ್ ಮದರಾಸಿನಲ್ಲಿ ಕ್ಷೇತ್ರಕಾರ್ಯ ಮಾಡಿದವರು. ಬಂಗಾಳಿಗೆ ಎಡ್ವರ್ಡ್ ಡಿಮಾಕ್ ಇದ್ದರು, ಸಂಸ್ಕೃತಕ್ಕೆ ವಾನ್ ಬಾಯ್ಟನೆನ್ ಬಂದರು. ತಮಿಳಿಗೆ ಜನ ಬೇಕಿತ್ತು.

ರಾಮಾನುಜನ್ ಫುಲ್‌ಬ್ರೈಟ್ ವೇತನದ ಮೇಲೆ 1959ರಲ್ಲಿ ಹಡಗು ಹತ್ತಿದರು. ಹೋದದ್ದು ಶಿಕಾಗೊಕ್ಕಲ್ಲ, ಇಂಡಿಯಾನಾ ವಿವಿಗೆ. ಭಾಷಾವಿಜ್ಞಾನಕ್ಕೂ ಜಾನಪದಕ್ಕೂ ಹೆಸರಾದ ಜಾಗ ಅದು. ಪಿಎಚ್‌.ಡಿ.ಗೆ ಅವರು ಆರಿಸಿಕೊಂಡದ್ದು ಕನ್ನಡದ ಉತ್ಪಾದಕ ವ್ಯಾಕರಣ. ನೋಮ್ ಚಾಮ್‌ಸ್ಕಿಯ ಪುಸ್ತಕ ಬಂದು ಎರಡು-ಮೂರು ವರ್ಷ ಆಗಿತ್ತಷ್ಟೇ. ಇಡೀ ಜಗತ್ತಿನ ಭಾಷಾವಿಜ್ಞಾನಿಗಳು ಆ ಹೊಸ ಹತಾರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಹೊತ್ತಿನಲ್ಲಿ ಇವರು ಅದನ್ನು ಕನ್ನಡದ ಮೇಲೆ ಹಾಕಿದರು. ಎಂಜಿನಿಯರಿಂಗ್ ಓದಿದ ನನಗೆ ಇದು ಸರಿಯಾಗಿ ಅರ್ಥವಾಗುತ್ತದೆ: ಬೇರೆಯವರ ಬಳಿ ಇರದ ದತ್ತಾಂಶ, ಎಲ್ಲರಿಗೂ ಬೇಕಾದ ವಿಧಾನ.

ಮುಂದಿನ ದಿನಾಂಕಗಳನ್ನು ಅನುಕ್ರಮವಾಗಿ ಓದಿ. 1961ರಲ್ಲಿ ಶಿಕಾಗೊದಲ್ಲಿ ತಮಿಳಿಗೆ ಸಂಶೋಧನಾ ಸಹಾಯಕ. 1962ರಲ್ಲಿ ಅಲ್ಲೇ ಸಹಾಯಕ ಪ್ರಾಧ್ಯಾಪಕ. 1963ರಲ್ಲಿ ಪಿಎಚ್‌.ಡಿ. ಹೌದು, ಕೆಲಸ ಮೊದಲು, ಪದವಿ ಆಮೇಲೆ. ಹುದ್ದೆ ಹೆಚ್ಚು, ಅರ್ಹರು ಕಡಿಮೆ ಇದ್ದ ಕಾಲದಲ್ಲಿ ಹೀಗಾಗುತ್ತದೆ. ಭಾರತೀಯರಿಗೆ ಅಮೆರಿಕ ಬಾಗಿಲು ತೆರೆದಿಟ್ಟಿತ್ತು ಅಂತಲೂ ಅಲ್ಲ. ಆಗಿನ ವಲಸೆ ಕಾನೂನಿನಲ್ಲಿ ಇಡೀ ಭಾರತಕ್ಕೆ ವರ್ಷಕ್ಕೆ ಇದ್ದ ಕೋಟಾ 100. ಅದು ಬದಲಾದದ್ದು 1965ರ ಕಾನೂನಿನಿಂದ. ಬಾಗಿಲು ಮುಚ್ಚಿಯೇ ಇತ್ತು, ತಮಿಳು ಗೊತ್ತಿದ್ದ ಭಾಷಾವಿಜ್ಞಾನಿಗೆ ಮಾತ್ರ ಪಕ್ಕದ ಕಿಟಕಿ ತೆರೆದಿತ್ತು.

ಇನ್ನೊಂದು ವಿಷಯ. ಪಿಎಚ್‌.ಡಿ. ಕನ್ನಡದ್ದು, ಹುದ್ದೆ ತಮಿಳಿನದು. ತಮಿಳು ಅವರಿಗೆ ಮನೆಮಾತು ನಿಜ. ಆದರೆ ಹಳೆಯ ತಮಿಳನ್ನು ಅವರು ಎಂದೂ ಶಾಸ್ತ್ರೋಕ್ತವಾಗಿ ಕಲಿತಿರಲಿಲ್ಲ. 1962ರಲ್ಲಿ, ಶಿಕಾಗೊ ಸೇರಿದ ಹೊಸತರಲ್ಲಿ, ಒಂದು ಶನಿವಾರ ಅವರು ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದದ್ದು ಹಳೆ ತಮಿಳಿನ ಒಂದು ಆರಂಭಿಕ ವ್ಯಾಕರಣ ಹುಡುಕಿಕೊಂಡು. ಸಿಕ್ಕಿದ್ದು ಬೇರೆ: ಇನ್ನೂ ಪಟ್ಟಿ ಮಾಡದೆ ಬಿದ್ದಿದ್ದ ತಮಿಳು ಪುಸ್ತಕಗಳ ರಾಶಿ, ಅದರಲ್ಲಿ ಯು.ವಿ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ್ದ 'ಕುರುಂತೊಗೈ'. ಸುಮಾರು ಎರಡು ಸಾವಿರ ವರ್ಷ ಹಳೆಯ ಸಂಗಂ ಕಾಲದ ಪ್ರೇಮ ಕವಿತೆಗಳು. ನಿಂತಲ್ಲೇ ಓದತೊಡಗಿದರು. 1967ರಲ್ಲಿ ಬಂದ ಅವರ ಅನುವಾದ 'ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್' ಹುಟ್ಟಿದ್ದು ಆ ನೆಲಮಾಳಿಗೆಯಿಂದ. ಪಾಠದ ತಯಾರಿಗೆ ಹೋದವನಿಗೆ ಜೀವಮಾನದ ಕೆಲಸ ಸಿಕ್ಕಿದ ಚಂದದ ಕತೆ ಇದು. ಅದರ ಇನ್ನೊಂದು ಮಗ್ಗುಲೂ ಇದೆ: ಮದುರೆಯಲ್ಲೇ ಒಮ್ಮೆ ಕಲಿಸಿದ್ದವರಿಗೆ ಸಂಗಂ ಕವಿತೆ ಕೈಗೆ ಸಿಕ್ಕಿದ್ದು ಶಿಕಾಗೊದಲ್ಲಿ. ಅಲ್ಲಿಯ ಗ್ರಂಥಾಲಯಗಳು ಮುಂದೆ ಇನ್ನೂ ತುಂಬಿದವು. ಭಾರತ ಅಮೆರಿಕದಿಂದ ತರಿಸಿಕೊಂಡ ಗೋಧಿಗೆ ರೂಪಾಯಿಯಲ್ಲಿ ಕೊಟ್ಟ ಹಣದಲ್ಲೇ, ಪಿಎಲ್-480 ಯೋಜನೆಯಡಿ, 1962ರಿಂದ ಭಾರತದ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿವಿಗಳಿಗೆ ಹಡಗಿನಲ್ಲಿ ಕಳಿಸುತ್ತಿದ್ದರು. ಕನ್ನಡ ಪುಸ್ತಕಗಳೂ ಹಾಗೆಯೇ ಹೋದವು.

ಕೆಲಸ ಸಿಕ್ಕ ಮೇಲಿನ ಮೂವತ್ತು ವರ್ಷವನ್ನು ಬೇಗ ಹೇಳಬಹುದು. 1962ರಲ್ಲೇ ಮಲಯಾಳಿ ಲೇಖಕಿ ಮಾಲಿ ಡೇನಿಯಲ್ಸ್ ಜತೆ ಮದುವೆ, ಇಬ್ಬರು ಮಕ್ಕಳು. 1966ರಲ್ಲಿ ಮೊದಲ ಇಂಗ್ಲಿಷ್ ಸಂಕಲನ 'ದಿ ಸ್ಟ್ರೈಡರ್ಸ್'. 1968ರಲ್ಲಿ ಪೂರ್ಣ ಪ್ರಾಧ್ಯಾಪಕ. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್. ಬರ್ಕ್ಲಿ, ವಿಸ್ಕಾನ್ಸಿನ್, ಮಿಶಿಗನ್‌ಗಳಲ್ಲಿ ಸಂದರ್ಶಕರಾಗಿ ಪಾಠ, ಆದರೆ ನೆಲೆ ಶಿಕಾಗೊವೇ. ಎಂಟು ವರ್ಷಕ್ಕೆ ನಾಲ್ಕು ಊರು ತಿರುಗಿದವರು ಒಂದೇ ವಿವಿಯಲ್ಲಿ ಮೂವತ್ತೊಂದು ವರ್ಷ ಕೂತರು. ಆ ಪುಸ್ತಕಗಳೆಲ್ಲ ಸಾಧ್ಯವಾದದ್ದರಲ್ಲಿ ಈ ಕೂರುವಿಕೆಗೂ ಪಾಲಿದೆ. ಪ್ರತಿ ವರ್ಷ ಜುಲೈನಲ್ಲಿ ಕೌನ್ಸೆಲಿಂಗ್ ಪಟ್ಟಿಗೆ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡ ಏನಾಯಿತು ಹಾಗಾದರೆ? ಕನ್ನಡವನ್ನು ಅವರು ಬಿಡಲಿಲ್ಲ, ಬಹುಪಾಲು ಸಂಬಳದ ಆಚೆಗೆ ಮಾಡಿದರು. 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ಆಮೇಲೆ 'ಮತ್ತು ಇತರ ಕವಿತೆಗಳು', 'ಮತ್ತೊಬ್ಬನ ಆತ್ಮಚರಿತ್ರೆ', 1990ರಲ್ಲಿ 'ಕುಂಟೋಬಿಲ್ಲೆ'. ಅಮೆರಿಕದಲ್ಲಿ ಕೂತು ಬರೆದ ಕವಿತೆಗಳು ಧಾರವಾಡದ ಸುಭಾಷ ರಸ್ತೆಯ ಅಟ್ಟದಿಂದ ಹೊರಬರುತ್ತಿದ್ದವು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು 1976ರಲ್ಲಿ ಇಂಗ್ಲಿಷಿಗೆ ಕೊಟ್ಟರು. ಅಂದಹಾಗೆ ಅನಂತಮೂರ್ತಿಯವರೂ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌.ಡಿ. ಮಾಡಿದವರೇ, ಆದರೆ ಮೈಸೂರಿಗೆ ವಾಪಸು ಬಂದರು. ಬರಲು ಇಲ್ಲೊಂದು ಹುದ್ದೆ ಇತ್ತು. ಗಿರೀಶ ಕಾರ್ನಾಡರು 1987-88ರಲ್ಲಿ ಶಿಕಾಗೊ ವಿವಿಯಲ್ಲಿ ಸಂದರ್ಶಕರಾಗಿದ್ದರು. ಅವರ 'ನಾಗಮಂಡಲ'ದ ಹಿಂದಿರುವುದು ರಾಮಾನುಜನ್ ಹೇಳಿದ ಜನಪದ ಕತೆಗಳು.

1973ರಲ್ಲಿ ಪೆಂಗ್ವಿನ್ ತಂದ 'ಸ್ಪೀಕಿಂಗ್ ಆಫ್ ಶಿವ' ಬೇರೆಯೇ ತೂಕದ ಪುಸ್ತಕ. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು, ನಾಲ್ವರ ವಚನಗಳು. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ. ಆದರೆ ಜಗತ್ತಿನ ಬಹುಪಾಲು ಓದುಗರಿಗೆ ಆ ಹೆಸರು ಮೊದಲು ಗೊತ್ತಾದದ್ದು ಈ ಪುಸ್ತಕದಿಂದ. ಇದರ ಮೇಲೆ ಗಟ್ಟಿ ಟೀಕೆಯೂ ಬಂದಿದೆ. ತೇಜಸ್ವಿನಿ ನಿರಂಜನ ಅವರು 1992ರ ತಮ್ಮ ಪುಸ್ತಕದಲ್ಲಿ, ಅಲ್ಲಮನ ವಚನವನ್ನು ರಾಮಾನುಜನ್ ಪಾಶ್ಚಾತ್ಯ ಆಧುನಿಕ ಕವಿತೆಯ, ಕ್ರೈಸ್ತ ಭಕ್ತಿಯ ಅಚ್ಚಿಗೆ ಹೊಂದಿಸಿಬಿಟ್ಟಿದ್ದಾರೆ ಎಂದು ವಾದಿಸಿದರು. ಆ ಟೀಕೆಯಲ್ಲಿ ಹುರುಳಿದೆ ಅಂತ ನನ್ನ ಅಭಿಪ್ರಾಯ, ಮತ್ತು ಅದನ್ನೂ ನೌಕರಿಯ ಕತೆಯ ಭಾಗವಾಗಿ ನೋಡಬೇಕು. ಶಿವ ಯಾರು ಎಂದೇ ಗೊತ್ತಿಲ್ಲದ ವಿದ್ಯಾರ್ಥಿಯನ್ನು ಎದುರಿಗೆ ಇಟ್ಟುಕೊಂಡು ದಿನಾ ಪಾಠ ಮಾಡುವವನ ಅನುವಾದ ಆ ವಿದ್ಯಾರ್ಥಿಯ ಕಡೆಗೆ ವಾಲುತ್ತದೆ. ಸಂಬಳ ಕೊಡುವ ತರಗತಿ ಭಾಷೆಯೊಳಗೂ ಕೈ ಹಾಕುತ್ತದೆ. ಆದರೂ, ಆ ವಾಲುವಿಕೆ ಇರದಿದ್ದರೆ ಪುಸ್ತಕ ಐವತ್ತು ವರ್ಷ ಅಂಗಡಿಯಲ್ಲಿ ಉಳಿಯುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಪರದೇಶದ ಹುದ್ದೆ ಅವರಿಗೆ ಕೊಟ್ಟ ಇನ್ನೊಂದು ಸೌಕರ್ಯ ಈಗ ಎದ್ದು ಕಾಣುತ್ತದೆ. ರಾಮಾಯಣ ಒಂದಲ್ಲ, ನೂರಾರು ಎಂದು ತೋರಿಸುವ ಅವರ ಪ್ರಸಿದ್ಧ ಪ್ರಬಂಧ 1991ರಲ್ಲಿ ಪೌಲಾ ರಿಚ್‌ಮನ್ ಸಂಪಾದಿಸಿದ ಪುಸ್ತಕದಲ್ಲಿ ಬಂತು. ವಾಲ್ಮೀಕಿ, ಕಂಬ, ಜೈನ ರಾಮಾಯಣ, ಥಾಯ್ ರಾಮಾಯಣಗಳ ಸಾಲಿನಲ್ಲೇ ಅವರು ಕನ್ನಡದ ಒಂದು ಜನಪದ ಕಥನವನ್ನೂ ಕೂರಿಸಿದರು. ಅದರಲ್ಲಿ ರಾವಣನೇ ಬಸುರಾಗಿ, ಸೀನಿದಾಗ ಸೀತೆ ಹುಟ್ಟುತ್ತಾಳೆ. ಸೀತೆಯ ಹೆಸರಿನಲ್ಲೇ ಸೀನು ಇದೆ. ಹಾಡುವವರ ಬಾಯಲ್ಲಿ ನಮ್ಮಲ್ಲಿ ತಲೆಮಾರುಗಳಿಂದ ಇದ್ದ ಕತೆ ಅದು. ಆ ಪ್ರಬಂಧ ದೆಹಲಿ ವಿವಿಯ ಇತಿಹಾಸ ಪಠ್ಯದಲ್ಲಿತ್ತು. 2008ರಲ್ಲಿ ಎಬಿವಿಪಿಯವರು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. 2011ರ ಅಕ್ಟೋಬರ್‌ನಲ್ಲಿ ವಿವಿಯ ವಿದ್ವತ್ ಪರಿಷತ್ತೇ ಅದನ್ನು ಪಠ್ಯದಿಂದ ತೆಗೆಯಿತು. ಶಿಕಾಗೊದಲ್ಲಿ ಕೂತು ಬರೆದದ್ದನ್ನು ದೆಹಲಿಯಲ್ಲಿ ಕೂತು ಕಲಿಸಲು ಆಗಲಿಲ್ಲ. ಹೊರಗೆ ಹೋಗಬೇಕು ಅನ್ನುವವರ ಲೆಕ್ಕದಲ್ಲಿ ಸಂಬಳ ಒಂದೇ ಇರುವುದಿಲ್ಲ, ಇದೂ ಇರುತ್ತದೆ.

1993ರ ಜುಲೈ 13ರಂದು, ಶಿಕಾಗೊದಲ್ಲಿ, ಶಸ್ತ್ರಚಿಕಿತ್ಸೆಗೆಂದು ಕೊಟ್ಟ ಅರಿವಳಿಕೆ ಒಗ್ಗದೆ ರಾಮಾನುಜನ್ ತೀರಿಕೊಂಡರು. ಅರವತ್ನಾಲ್ಕು ವರ್ಷ. ಕಡತಗಳು, ದಿನಚರಿಗಳು ಶಿಕಾಗೊ ವಿವಿಯ ಗ್ರಂಥಾಲಯದ ವಿಶೇಷ ಸಂಗ್ರಹಕ್ಕೆ ಸೇರಿದವು. ಕನ್ನಡ ನಾಡಿನಲ್ಲಿ ದಶಕಗಳ ಕಾಲ ಕೂಡಿಸಿದ ಕತೆಗಳು 1997ರಲ್ಲಿ 'ಎ ಫ್ಲವರಿಂಗ್ ಟ್ರೀ' ಎಂಬ ಹೆಸರಿನಲ್ಲಿ ಪುಸ್ತಕವಾದವು. ಹೂವಿನ ಗಿಡವಾಗಬಲ್ಲ ಹುಡುಗಿಯ ಆ ಕನ್ನಡ ಕತೆಯನ್ನು ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಮಾಡಿದರು.

ಅವರನ್ನು ಒಳಗೆ ಬಿಟ್ಟ ಕಿಟಕಿಯ ಸ್ಥಿತಿ ಈಗ ಹೀಗಿದೆ. ಅಮೆರಿಕದ ಕಾಲೇಜು, ವಿವಿಗಳಲ್ಲಿ ಪಾಠ ಹೇಳುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಖಾಯಂ ದಾರಿಯ ಹೊರಗಿನವರು. ನಮ್ಮ ಅತಿಥಿ ಉಪನ್ಯಾಸಕರ ಅಮೆರಿಕನ್ ನೆಂಟರು ಅನ್ನಿ. 1958ರ ಕಾಯ್ದೆಯ ಆರನೇ ಅಧ್ಯಾಯದಿಂದ ಹುಟ್ಟಿ ಅರವತ್ತು ವರ್ಷಕ್ಕೂ ಹೆಚ್ಚು ನಡೆದುಬಂದ ಭಾಷಾ ಕೇಂದ್ರಗಳ ಅನುದಾನವನ್ನು ಟ್ರಂಪ್ ಆಡಳಿತ 2025ರಲ್ಲಿ ನಿಲ್ಲಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಶಿಕಾಗೊ ವಿವಿಯ ಕಲೆ ಮತ್ತು ಮಾನವಿಕ ನಿಕಾಯ, ತನ್ನ ಹಲವು ವಿಭಾಗಗಳು 2026-27ಕ್ಕೆ ಹೊಸ ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಪ್ರಕಟಿಸಿತು.

ಸರ್ಕಾರದ ಆ ದುಡ್ಡು ಹೋದ ಮೇಲೆ ಉಳಿಯುವುದು ಯಾರಾದರೂ ದತ್ತಿ ಇಟ್ಟ ಪೀಠಗಳು. ಈ ವಿಷಯದಲ್ಲಿ ತಮಿಳರು ಮೊದಲೇ ಎಚ್ಚೆತ್ತರು. ಹಾರ್ವರ್ಡ್ ವಿವಿಯಲ್ಲಿ ತಮಿಳು ಪೀಠಕ್ಕೆ 60 ಲಕ್ಷ ಡಾಲರ್ ಬೇಕು ಅಂತಾದಾಗ ಜಗತ್ತಿನಾದ್ಯಂತ ತಮಿಳರು ಚಂದಾ ಎತ್ತಿದರು, ತಮಿಳುನಾಡು ಸರ್ಕಾರ 10 ಕೋಟಿ ರೂಪಾಯಿ ಕೊಟ್ಟಿತು, 2018ಕ್ಕೆ ಹಣ ಪೂರ್ತಿಯಾಯಿತು. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದು 2008ರಲ್ಲಿ. ಕರ್ನಾಟಕ ಸರ್ಕಾರದ ದುಡ್ಡಿನಲ್ಲಿ 2015ರಲ್ಲಿ ಜೆಎನ್‌ಯುನಲ್ಲಿ ಕನ್ನಡ ಪೀಠ ಆಯಿತು, ಪುರುಷೋತ್ತಮ ಬಿಳಿಮಲೆ ಅದರ ಮೊದಲ ಮುಖ್ಯಸ್ಥರು. ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿವಿಯಲ್ಲಿ ಬಿ.ಎ. ವಿವೇಕ ರೈ ಸಂದರ್ಶಕ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದರು. ಕನ್ನಡ ಕಲಿಯಬೇಕೆನ್ನುವ ಅಮೆರಿಕನ್ ವಿದ್ಯಾರ್ಥಿಗಳನ್ನು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿಗೆ ಕಳಿಸುತ್ತದೆ.